ವಂಶವಾಹಿಯ ಪರೀಕ್ಷೆಯೂ ತಾಯಿಯ ಬಳೆಗಳೂ

ಐದು ವರ್ಷದ ಮಗನಿಗೆ ಆಟಿಸಂ ಇರುವುದೆಂದು ವೈದ್ಯರಿಂದ ತಿಳಿದ ಸೋದರಿಯೊಬ್ಬರು, ವಂಶವಾಹಿಗಳ ಪರೀಕ್ಷೆಗಾಗಿ ಕೈಬಳೆಗಳನ್ನು ಮಾರಬಹುದೇ ಎಂದು ಕೇಳಿರುತ್ತಾರೆ. ಪರೀಕ್ಷೆಯಾದೊಡನೆ ಮಗುವಿಗೊಪ್ಪುವ ಔಷಧವು ದೊರೆಯುವುದೆಂದು ಯಾರೋ ಹೇಳಿದರಂತೆ. ದೋಷವು ತಾಯಿಯ ಕಡೆಯದೆಂದು ರುಜುವಾದೀತೆಂದು ಅತ್ತೆಯವರೂ ಕಾದಿರುವರಂತೆ. ನಾವು ವೈದ್ಯರಲ್ಲ; ಓದಿ ತಿಳಿದುದನ್ನಷ್ಟೆ ಬಿನ್ನವಿಸುತ್ತೇವೆ.

ರೋಗದ ಮೂಲಕಾರಣಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲಿ ನಿದಾನವೆಂದು ಹೆಸರು. (ಇದು ಅಲ್ಪಪ್ರಾಣದ ದಕಾರ, ಮಹಾಪ್ರಾಣವಾದರೆ ಅರ್ಥವೇ ಬೇರೆ. ಹುಡುಗರಷ್ಟೇ ಅಲ್ಲ, ಪತ್ರಿಕೆಗಳೂ ಇಲ್ಲಿ ಎಡವುತ್ತವೆ.) ನಿದಾನವು ತಿಳಿದ ಮಾತ್ರಕ್ಕೆ ಚಿಕಿತ್ಸೆ ದೊರೆಯುವುದೇ? ಕೆಲವೆಡೆ ದೊರೆತುದುಂಟು.

ನಾರ್ವೆ ದೇಶದ ತಾಯಿಯೊಬ್ಬರಿಗೆ ಬುದ್ಧಿ ಬೆಳೆಯದ ಇಬ್ಬರು ಮಕ್ಕಳಿದ್ದರು. ಮಕ್ಕಳ ಮೈಯಿಂದ ಮುಗ್ಗಲು ವಾಸನೆ ಬರುವುದೇಕೆಂದು ಆಕೆ ವೈದ್ಯರಿಂದ ವೈದ್ಯರಿಗೆ ಅಲೆದರು. ಕೊನೆಗೆ 1934ರಲ್ಲಿ ಫೋಲಿಂಗ್ ಎಂಬ ವೈದ್ಯರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಲು, ಅದು ಹಸುರಾಯಿತು. ಆಹಾರದ ಸಸಾರಜನಕದಲ್ಲಿರುವ ಫೀನೈಲ್ ಅಲನೀನ್ ಎಂಬುದು ಆ ಮಕ್ಕಳ ದೇಹದಲ್ಲಿ ಜೀರ್ಣಿಸದೆ ಮಿದುಳನ್ನು ಕೆಡಿಸಿದ್ದಿತು. ಇದಕ್ಕೆ ಫೀನೈಲ್‌ಕೀಟೋನೂರಿಯಾ ಎಂದು ಹೆಸರು. ಚಿಕಿತ್ಸೆಯಿಲ್ಲದ ಮಕ್ಕಳಲ್ಲಿ ಆಟಿಸಂ ಲಕ್ಷಣಗಳೂ ಕಾಣುವುದುಂಟು. 1953ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬಿಕೆಲ್ ಮುಂತಾದವರು ಆ ಅಂಶವನ್ನು ಕಡಮೆಮಾಡಿದ ಆಹಾರದಿಂದ ಮಗುವೊಂದು ಚೇತರಿಸಿಕೊಂಡುದನ್ನು ಪ್ರಕಟಿಸಿದರು. ಹುಟ್ಟಿದ ಕೆಲವೇ ದಿನಗಳಲ್ಲಿ ಈ ಪಥ್ಯವನ್ನು ಹಿಡಿದ ಶಿಶುಗಳು ಇಂದು ಇತರರಂತೆಯೇ ಓದಿ ಬಾಳುತ್ತಾರೆ. ನಾರ್ವೆಯ ಆ ಮಕ್ಕಳಿಗೆ ಮಾತ್ರ ಹೊತ್ತು ಮೀರಿದ್ದಿತು.

ಆದರೆ ಆಟಿಸಂ ಎಂಬುದು ಒಂದೇ ಮೂಲದ ರೋಗವಲ್ಲ. ಅದರೊಡನೆ ಸಂಬಂಧವುಳ್ಳ ವಂಶವಾಹಿಗಳು ನೂರಾರು. ಪರೀಕ್ಷೆಗೊಳಗಾದ ಮಕ್ಕಳಲ್ಲಿ ಹೆಚ್ಚಿನವರಿಗೆ ಸ್ಪಷ್ಟವಾದ ಕಾರಣವು ದೊರೆಯುವುದೇ ಇಲ್ಲ. ದೊರೆತರೂ ಫಲವು ಬಗೆಬಗೆಯಾಗಿರುತ್ತದೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂದು ತಿಳಿದರೆ ಮಿದುಳು, ಮೂತ್ರಪಿಂಡ, ಹೃದಯಗಳನ್ನು ಕಾಲಕಾಲಕ್ಕೆ ನೋಡಿಸಬೇಕು. ಶೈಶವದ ಸೆಳವಿಗೆ ವಿಗಾಬಟ್ರಿನ್ ಎಂಬ ತಕ್ಕ ಔಷಧವಿದೆ. ಮಿದುಳಿನ ಗಂಟುಗಳನ್ನು ಕುಗ್ಗಿಸಲು ಎವೆರೊಲಿಮಸ್ ಇದೆ. ಆ ಎವೆರೊಲಿಮಸ್ಸೇ ಆಟಿಸಮ್ಮನ್ನು ನೀಗುವುದೆಂಬುದು ಸಿದ್ಧವಾಗಲಿಲ್ಲ. ಫ್ರಾಜೈಲ್ ಎಕ್ಸ್ ಎಂಬುದರಲ್ಲಿ ಇಲಿಗಳಿಗೆ ಹಿಡಿದ ಔಷಧಗಳು 2010ರ ದಶಕದಲ್ಲಿ ಮನುಷ್ಯರಲ್ಲಿ ಸೋತವು. ಔಷಧವು ತಾನಾಗಿ ದೊರೆಯುವುದೆಂದವರು ಇದನ್ನೂ ಹೇಳಬೇಕಾಗಿದ್ದಿತು.

ಇನ್ನು ಅತ್ತೆಯವರ ಮಾತು. ಫೀನೈಲ್‌ಕೀಟೋನೂರಿಯಾ ಬರಬೇಕಾದರೆ ತಂದೆಯಿಂದೊಂದು, ತಾಯಿಯಿಂದೊಂದು ಕೆಟ್ಟ ಪ್ರತಿ ಬರಬೇಕು. ಟ್ಯೂಬರಸ್ ಸ್ಕ್ಲೆರೋಸಿಸ್ ಇರುವ ಮೂವರಲ್ಲಿ ಸುಮಾರು ಇಬ್ಬರಿಗೆ ಅದು ಹೊಸದಾಗಿ ಉಂಟಾದುದು, ತಂದೆತಾಯಿಗಳಿಬ್ಬರಲ್ಲಿಯೂ ಇರದು. ಫ್ರಾಜೈಲ್ ಎಕ್ಸ್ ಗಂಡುಮಗುವಿಗೆ ತಾಯಿಯ ಮೂಲಕ ಬರುವುದೇನೋ ನಿಜ. ಆದರೆ ಆಕೆಗೆ ಅದು ಆರೋಗ್ಯವಂತನಾಗಿದ್ದ ತನ್ನ ತಂದೆಯಿಂದಲೇ ಬಂದಿರಬಹುದು. ವರದಿಯು ಕಾರಣವನ್ನು ಹೇಳುವುದಲ್ಲದೆ ಅಪರಾಧವನ್ನು ಹೇಳದು. ಇದನ್ನು ಅತ್ತೆಯವರಿಗೆ ಓದಿ ಹೇಳತಕ್ಕದ್ದು. ಬೇಕಾದರೆ ಪತಿಯವರೇ ಓದಲಿ.

ಬಳೆಗಳ ವಿಚಾರ: ಮಗುವಿಗೆ ಸೆಳವು ಬಂದಿದ್ದರೆ, ಕಲಿತ ಮಾತು ಮರೆತಿದ್ದರೆ, ಮೈಮೇಲೆ ಬಿಳಿಯ ಮಚ್ಚೆಗಳಿದ್ದರೆ, ಬಂಧುಗಳಲ್ಲಿ ಇಂಥ ಮಕ್ಕಳಿದ್ದರೆ, ಅಥವಾ ಎರಡನೆಯ ಮಗುವನ್ನು ಬಯಸಿದ್ದರೆ, ಅದನ್ನೆಲ್ಲ ವೈದ್ಯರಿಗೆ ಮೊದಲು ತಿಳಿಸಿ, ಯಾವ ಪರೀಕ್ಷೆ, ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾದೀತು ಎಂದು ಕೇಳಬೇಕು. ಉತ್ತರವು ಸ್ಪಷ್ಟವಾಗಿದ್ದರೆ ಪರೀಕ್ಷೆ ಮಾಡಿಸಬಹುದು. ವರದಿ ಬರಲು ವಾರಗಟ್ಟಲೆ ಹಿಡಿಯಬಹುದು. ಅದಕ್ಕಾಗಿ ಮಾತಿನ ಅಭ್ಯಾಸವನ್ನೂ ಆಟಪಾಠವನ್ನೂ ಒಂದು ದಿನವಾದರೂ ನಿಲ್ಲಿಸಕೂಡದು. ಆ ಅಭ್ಯಾಸದ ಶುಲ್ಕಕ್ಕೇ ಹಣ ಸಾಲದೆ ಇದ್ದಲ್ಲಿ, ಬಳೆಗಳನ್ನು ಮೊದಲು ಅದಕ್ಕೆ ಮಾರಿರಿ.