ಕಡಲಡಿಯ ಹೋಟೆಲಿನ ಸಂತುಷ್ಟ ಆಳು

ಮಕ್ಕಳ ಕಾರ್ಟೂನುಗಳಲ್ಲಿ ಸಮಾಜವಿಡಂಬನೆಯೂ ಉಂಟೆಂದು ಯಾರಾದರೂ ಹೇಳಿದರೆ, ಅದು ಜತೆಗೆ ಕುಳಿತ ಹಿರಿಯರ ಬೇಸರ ಕಳೆಯಲೆಂದು ಚಿತ್ರಕಾರನು ಮೇಲಿನಿಂದ ಹಾಕಿದ ಒಗ್ಗರಣೆಯೆಂದೂ, ಅದರ ಸ್ವಾರಸ್ಯವು ಬಾಲಬುದ್ಧಿಗೆ ಎಟುಕತಕ್ಕದ್ದಲ್ಲವೆಂದೂ ಭಾವಿಸುವವರೇ ನಮ್ಮಲ್ಲಿ ಹೆಚ್ಚು. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ, ಅಧಿಕಾರ ತಪ್ಪಿ ದೊರೆಯ ಸುತ್ತ ಸುಳಿದಾಡುವ ಕರಟಕ ದಮನಕರೆಂಬ ನರಿಗಳ ಕಥೆಯು ಕಚೇರಿಯ ಒಳರಾಜಕೀಯವಲ್ಲದೆ ಮತ್ತೇನು? ಆ ಕಥೆಗಳನ್ನು ಕೇಳಿದವರಾದರೋ ಎಳೆಯ ರಾಜಕುಮಾರರು.

1999ರ ಮೇ 1ರಂದು ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ ಮೊದಲು ಕಾಣಿಸಿಕೊಂಡ ಸ್ಪಾಂಜ್‌ಬಾಬ್ ಸ್ಕ್ವೇರ್‌ಪ್ಯಾಂಟ್ಸ್ ಎಂಬ ಕಾರ್ಟೂನನ್ನು ನೋಡಿ. ಅದರ ಕರ್ತೃ ಸ್ಟೀಫನ್ ಹಿಲೆನ್‌ಬರ್ಗ್ ಕ್ಯಾಲಿಫೋರ್ನಿಯದಲ್ಲಿ ಸಮುದ್ರಜೀವಶಾಸ್ತ್ರವನ್ನು ಬೋಧಿಸಿದವರು. ತಾರುಣ್ಯದಲ್ಲಿ ಕಡಲ ಖಾದ್ಯಗಳ ಹೋಟೆಲೊಂದರಲ್ಲಿ ದುಡಿದವರು. ಆದಕಾರಣವೇ ಅವರು ಚಿತ್ರಿಸಿದ ಕಡಲಡಿಯ ಊರಿನಲ್ಲಿ ಪ್ರಮುಖ ಸ್ಥಾನವು ಹೋಟೆಲಿನದು. ಕಾಸಿಗೆ ಪ್ರಾಣ ಬಿಡುವ ಏಡಿ ಕ್ರಾಬ್ಸ್ ಅದರ ಯಜಮಾನ. ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ತನ್ನ ಹಣೆಬರಹವನ್ನು ಶಪಿಸುವ ಸ್ಕ್ವಿಡ್‌ವರ್ಡ್ ಗುಮಾಸ್ತ. ಮೊದಲ ಕಥೆಯಲ್ಲಿಯೇ ಕಾರ್ಟೂನಿನ ನಾಯಕ ಸ್ಪಾಂಜ್‌ಬಾಬ್ ಅಲ್ಲಿಗೆ ಕೆಲಸ ಕೇಳಿಕೊಂಡು ಬರುತ್ತಾನೆ. ಅವನನ್ನು ಹೇಗಾದರೂ ಸಾಗಹಾಕಬೇಕೆಂದು ಯಜಮಾನನು, ಎಡಕ್ಕೂ ಬಲಕ್ಕೂ ಜೋಡಣೆಗಳುಳ್ಳ, ಟರ್ಬೊ ವೇಗದಲ್ಲಿ ನಡೆಯುವ ಒಂದು ವಿಚಿತ್ರ ಸಟ್ಟುಗವನ್ನು ತಂದರೆ ಕೆಲಸ ಕೊಡುವುದಾಗಿ ಹೇಳಿ ಕಳುಹಿಸುತ್ತಾನೆ. ಹೊಸಬರನ್ನೇ ಕರೆದು ಅವರಿಂದಲೇ ಹಲವು ವರ್ಷಗಳ ಅನುಭವವನ್ನು ಬೇಡುವ ಜಾಹೀರಾತುಗಳನ್ನು ಓದಿರುವ ನಮ್ಮ ಪದವೀಧರರಿಗೆ ಈ ಸಟ್ಟುಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಷ್ಟರಲ್ಲಿ ಬಸ್ಸುಗಟ್ಟಲೆ ಹಸಿದ ಸಣ್ಣಮೀನುಗಳು ಬಂದು ಹೋಟೆಲನ್ನು ಮುತ್ತಿ, ಯಜಮಾನನೂ ಗುಮಾಸ್ತನೂ ಕಂಬವನ್ನೇರಿ ತಬ್ಬಿಕೊಂಡು ತತ್ತರಿಸುತ್ತಿರುವಾಗ, ಸ್ಪಾಂಜ್‌ಬಾಬ್ ಅಂಥದೇ ಸಟ್ಟುಗವನ್ನು ಹಿಡಿದು ಬಂದು ಅಷ್ಟೂ ಬಾಯಿಗಳಿಗೆ ಉಣಬಡಿಸಿಬಿಡುತ್ತಾನೆ.

ನೋಡಿದವರು ಸಾಮಾನ್ಯವಾಗಿ ಕ್ರಾಬ್ಸ್‌ನ ಲೋಭವನ್ನು ಕಂಡು ನಕ್ಕು ಅಲ್ಲಿಗೇ ನಿಲ್ಲುತ್ತಾರೆ. ಲೋಭಿಯನ್ನು ಹಾಸ್ಯಮಾಡುವುದು ಸುಲಭ. ಸಾವಿರ ವರ್ಷಗಳಿಂದ ಎಲ್ಲ ಭಾಷೆಗಳವರೂ ಮಾಡುತ್ತ ಬಂದಿದ್ದಾರೆ. ವಿಡಂಬನೆಯ ನಿಜವಾದ ಗುರಿಯು, ನನ್ನ ಎಣಿಕೆಯಲ್ಲಿ, ಸಂತೋಷದಿಂದ ದುಡಿಯುವ ಆಳು. 2001ರಲ್ಲಿ ಬಂದ ಮುಷ್ಕರದ ಕಥೆಯಲ್ಲಿ ಯಜಮಾನನು ನೌಕರರಿಗೆ ಸಂಬಳದ ಬದಲು ಬಿಲ್ಲು ಕೊಡುತ್ತಾನೆ. ಸ್ಕ್ವಿಡ್‌ವರ್ಡ್ ಸಿಡಿದೆದ್ದು, ದಬ್ಬಾಳಿಕೆಯ ಈ ವ್ಯವಸ್ಥೆಯನ್ನು ಹಲಗೆ ಹಲಗೆಯಾಗಿ ಕಿತ್ತೊಗೆಯಬೇಕೆಂದು ಭಾಷಣ ಮಾಡುತ್ತಾನೆ. ಅದನ್ನು ಅಕ್ಷರಶಃ ನಂಬಿದ ಸ್ಪಾಂಜ್‌ಬಾಬ್, ಅತ್ತ ಯಜಮಾನನೂ ಗುಮಾಸ್ತನೂ ಗುಟ್ಟಾಗಿ ರಾಜಿಯಾಗಿರುವುದನ್ನು ಅರಿಯದೆ, ಹೋಟೆಲನ್ನೇ ಕೊಯ್ದು ಕೆಡಹುತ್ತಾನೆ. ಆ ನಷ್ಟ ತೀರುವವರೆಗೆ ನೌಕರರಿಬ್ಬರೂ ಅಲ್ಲಿಯೇ ದುಡಿಯಬೇಕಾಗುತ್ತದೆ. ಸೇವೆಯಲ್ಲಿದ್ದ ಶ್ರದ್ಧೆಯೇ ಬಂಡಾಯದಲ್ಲಿಯೂ ಅವನಿಗೆ ಇತ್ತೆಂಬುದನ್ನೂ, ಎರಡರ ಲಾಭವೂ ಕಡೆಗೆ ಒಬ್ಬನ ಪೆಟ್ಟಿಗೆಗೇ ಸೇರಿತೆಂಬುದನ್ನೂ ಇಷ್ಟು ನಿಷ್ಠುರವಾಗಿ ತೋರಿಸಿದ ಪ್ರೌಢ ನಾಟಕಗಳು ಬಹಳವಿಲ್ಲ. ಮುಷ್ಕರವನ್ನು ಹೀಗೆ ಗೇಲಿಮಾಡಬಹುದೇ ಎಂದು ಕಾರ್ಮಿಕ ಮಿತ್ರರು ಮುನಿದರೆ, ಅದೂ ನ್ಯಾಯವೇ ಸರಿ.

ಇದು ಮಕ್ಕಳಿಗೆ ತಿಳಿಯದೆಂಬ ಮಾತು ಮಾತ್ರ ನಿಲ್ಲತಕ್ಕದ್ದಲ್ಲ. ಬಿಡುವ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಎದ್ದು ನಿಂತು, “ಸಾರ್, ಹೋಂವರ್ಕ್ ಕೊಡಲೇ ಇಲ್ಲ” ಎಂದು ಮೇಷ್ಟರಿಗೆ ಜ್ಞಾಪಿಸುವ ಹುಡುಗನನ್ನು ನಿತ್ಯವೂ ಕಾಣುವ ಮಗುವಿಗೆ, ಸ್ಪಾಂಜ್‌ಬಾಬ್ ಯಾರೆಂಬುದನ್ನು ವಿವರಿಸಬೇಕಾದ ಅಗತ್ಯವೇನಿದೆ? ಭಾನುವಾರ ಬೆಳಗ್ಗೆಯೂ ಮೇಲಧಿಕಾರಿಯ ವಾಟ್ಸ್ಯಾಪ್ ಸಂದೇಶಕ್ಕೆ ಅರೆನಿಮಿಷದಲ್ಲಿ ಉತ್ತರ ಕೊಡುತ್ತ ಆ ಮಗುವಿನ ಪಕ್ಕದಲ್ಲಿ ಕುಳಿತಿರುವವರು, ಇದೆಲ್ಲ ಬರಿಯ ಹುಡುಗಾಟವೆಂದು ತಳ್ಳಿಹಾಕುವುದು ಸಹಜವೇ ಆಗಿದೆ.