ಪರಚಿತ್ತ ಶೋಧನೆಯೂ ಸತ್ಯಾಣುವ್ರತವೂ

ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸುತ್ತದೆ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಮತ್ತು ಸಾಕಾರಮಂತ್ರಭೇದ. ಮೊದಲ ನಾಲ್ಕರ ಅರ್ಥ ಪಾಠಶಾಲೆಯ ಮಕ್ಕಳಿಗೂ ತಿಳಿಯುವಂಥದು. ಐದನೆಯದನ್ನು ಬಹುಮಂದಿ ಬಾಯಿಪಾಠ ಹೇಳಿ ಮುಂದೆ ಸಾಗುತ್ತಾರೆ. ಆದರೆ ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಅದರ ವಿವರಣೆ ಅತ್ಯಂತ ಸ್ಪಷ್ಟವಾಗಿದೆ. ಪ್ರಸಂಗದಿಂದ, ಅಂಗವಿಕಾರದಿಂದ, ಹುಬ್ಬಿನ ಚಲನೆಯಿಂದ ಪರರ ಅಭಿಪ್ರಾಯವನ್ನು ಅರಿತು, ಅಸೂಯೆ ಮೊದಲಾದ ಕಾರಣಗಳಿಂದ ಅದನ್ನು ಬಹಿರಂಗಪಡಿಸುವುದೇ ಸಾಕಾರಮಂತ್ರಭೇದ. ಅರಿತದ್ದು ನಿಜವೇ ಆಗಿರಬಹುದು; ಆದರೂ ಅದು ಅತಿಚಾರವೇ. ಏಕೆಂದರೆ ದೋಷವಿರುವುದು ಊಹೆಯ ತಪ್ಪು-ಒಪ್ಪುಗಳಲ್ಲಿ ಮಾತ್ರವಲ್ಲ, ಅದರ ಹಿಂದಿರುವ ಕಷಾಯದಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ಬಲಿಷ್ಠ ರಾಷ್ಟ್ರಗಳು ಈ ಅತಿಚಾರಕ್ಕೆ ಕಛೇರಿಗಳನ್ನು ತೆರೆದು, ವೇತನ ಕೊಟ್ಟು, ವಿಜ್ಞಾನವೆಂಬ ಹೆಸರನ್ನೂ ಇಟ್ಟವು. ಶತ್ರುದೇಶದ ಸರ್ವಾಧಿಕಾರಿಯನ್ನು ಎಂದೂ ಭೇಟಿಯಾಗದೆ, ಅವನ ಬಾಲ್ಯ, ತಾಯಿ, ಭಯ, ಏಕಾಂತ ಇವುಗಳನ್ನು ದೂರದಿಂದಲೇ ಅಗೆದು ತೆಗೆದು ಮನಸ್ಸಿನ ನಕ್ಷೆ ಬರೆಯುವ ವಿದ್ಯೆ ಅದು. ಇದನ್ನು ಬುದ್ಧಿವಂತಿಕೆಯ ಪರಾಕಾಷ್ಠೆಯೆಂದು ಕೊಂಡಾಡುವವರು ಸುಶಿಕ್ಷಿತ ಜೈನ ಮನೆಗಳಲ್ಲಿಯೂ ಇದ್ದಾರೆ. ಆ ಮೆಚ್ಚುಗೆ ಸರಿಯೇ ಎಂಬುದು ವಿಚಾರಣೀಯ. ಕೃಷ್ಣಾ ತುಂಗಭದ್ರೆಗಳ ನಡುವೆ ಶತಮಾನಗಳ ಕಾಲ ಸೈನ್ಯಗಳು ತುಳಿದಾಡಿದ ರಾಯಚೂರು ದೋಆಬ್‌ನಲ್ಲಿ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಬಾಳುವ ಶ್ರಾವಕರಿಗಂತೂ ಈ ವಿಚಾರ ದೂರದ್ದಲ್ಲ. ಅರಸರ ಮನಸ್ಸಿನ ಬಗ್ಗೆ ಎರಡು ಬಗೆಯ ಸಾಕ್ಷ್ಯಗಳು ಈ ನೆಲದಲ್ಲೇ ಇವೆ. ಅವುಗಳನ್ನು ನೋಡುವ ಮುನ್ನ ಹೊರಗಿನ ಪ್ರಸಿದ್ಧ ಪ್ರಕರಣವನ್ನು ಪರಿಶೀಲಿಸುವುದು ಯುಕ್ತ.

1943ರಲ್ಲಿ ಅಮೆರಿಕದ ಯುದ್ಧಕಾಲದ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ವಿಲಿಯಂ ಡೊನೊವನ್, ಮನೋವಿಶ್ಲೇಷಕ ವಾಲ್ಟರ್ ಲ್ಯಾಂಗರ್ ಎಂಬವರಿಗೆ ಹಿಟ್ಲರನ ಮನಸ್ಸಿನ ಅಧ್ಯಯನವನ್ನು ಒಪ್ಪಿಸಿದರು. ಹಾರ್ವರ್ಡಿನ ಹೆನ್ರಿ ಮರ್ರೆ ಅದೇ ವರ್ಷ ಪ್ರತ್ಯೇಕ ವರದಿಯೊಂದನ್ನು ಬರೆದರು. ಲ್ಯಾಂಗರ್ ತಂಡ ಪುಸ್ತಕ, ಭಾಷಣ, ಪತ್ರಿಕೆಗಳಿಂದ ಆಯ್ದ ಸಾವಿರಕ್ಕೂ ಹೆಚ್ಚು ಪುಟಗಳ ಸಾಮಗ್ರಿ ಕಲೆಹಾಕಿತು. ಹಿಟ್ಲರನನ್ನು ಹಿಂದೆ ಬಲ್ಲವರಾಗಿ ಆಗ ಅಮೆರಿಕ, ಕೆನಡಾಗಳಲ್ಲಿದ್ದವರನ್ನು ಪ್ರಶ್ನಿಸಿತು. ಗುಪ್ತವಾಗಿದ್ದ ಈ ವರದಿ 1972ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಅದನ್ನು ಸತ್ಯಾಣುವ್ರತದ ಅತಿಚಾರಗಳ ಮುಂದಿಟ್ಟು ನೋಡಿದರೆ ಅಚ್ಚರಿಯಾಗುತ್ತದೆ.

ಸ್ತ್ರೀ-ಪುರುಷರ ಏಕಾಂತದ ಕ್ರಿಯೆಗಳನ್ನು ಬಯಲು ಮಾಡುವುದು ರಹೋಭ್ಯಾಖ್ಯಾನ. ಹಿಟ್ಲರನ ವಿರುದ್ಧ ತಿರುಗಿ ದೇಶ ಬಿಟ್ಟಿದ್ದ ಓಟ್ಟೊ ಸ್ಟ್ರಾಸರ್ ಹೇಳಿದ, ಹಿಟ್ಲರನ ಖಾಸಗಿ ಜೀವನದ ಹೇಸಿಗೆಯ ಕಥೆಯನ್ನು ವರದಿಯು ತನ್ನ ನಿರ್ಣಯದ ಆಧಾರಗಳಲ್ಲಿ ಒಂದನ್ನಾಗಿ ಮಾಡಿಕೊಂಡಿತು. ಇನ್ನೊಬ್ಬನು ಆಡದ ಮಾತನ್ನು ಆಡಿದನೆಂದು ಬರೆಯುವುದು ಕೂಟಲೇಖಕ್ರಿಯೆ. ಡಾನ್‌ಜಿಗ್ ನಗರದ ಮಾಜಿ ಆಡಳಿತಗಾರ ಹರ್ಮನ್ ರೌಶ್ನಿಂಗ್, ಹಿಟ್ಲರನೊಡನೆ ತಾನು ನಡೆಸಿದ ಸಂಭಾಷಣೆಗಳೆಂದು ಒಂದು ಪುಸ್ತಕವನ್ನು ಪ್ರಕಟಿಸಿದ್ದನು. ಲ್ಯಾಂಗರ್ ಅದನ್ನು ಧಾರಾಳವಾಗಿ ನಂಬಿದರು. 1980ರ ದಶಕದಲ್ಲಿ ವೋಲ್ಫ್‌ಗಾಂಗ್ ಹೇನೆಲ್ ಎಂಬ ಸಂಶೋಧಕ ಆ ಸಂಭಾಷಣೆಗಳಲ್ಲಿ ಬಹುಪಾಲು ಕಟ್ಟುಕಥೆಯೆಂದು ತೋರಿಸಿಕೊಟ್ಟನು. ಇನ್ನು ಸಾಕಾರಮಂತ್ರಭೇದವಂತೂ ಆ ವರದಿಯ ಉಸಿರೇ ಆಗಿತ್ತು. ಹೀಗೆ ಐದು ಅತಿಚಾರಗಳಲ್ಲಿ ಮೂರು ಒಂದೇ ಕಡತದಲ್ಲಿ ಸೇರಿದ್ದವು.

ಅದೇ ಕಡತದಲ್ಲಿ ಒಬ್ಬ ಸತ್ಯವಂತ ಸಾಕ್ಷಿಯೂ ಇದ್ದಾನೆ. ಆತ ಡಾಕ್ಟರ್ ಎಡುಆರ್ಡ್ ಬ್ಲಾಖ್ ಎಂಬ ಯಹೂದಿ ವೈದ್ಯ. 1907ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಹಿಟ್ಲರನ ತಾಯಿಗೆ ಚಿಕಿತ್ಸೆ ನೀಡಿದವನು. ಮುಂದೆ ಆ ಮಗನ ಆಳ್ವಿಕೆಯಿಂದಲೇ ತನ್ನ ಊರು, ವೃತ್ತಿಗಳನ್ನು ಕಳೆದುಕೊಂಡು 1940ರಲ್ಲಿ ಅಮೆರಿಕಕ್ಕೆ ವಲಸೆ ಹೋದವನು. ಗುಪ್ತಚರರು ಕೇಳಿದಾಗ ಅವನು ತಾನು ಕಂಡದ್ದನ್ನೇ ಹೇಳಿದನು: ಆ ಹುಡುಗ ಸಭ್ಯನಾಗಿದ್ದ, ತಾಯಿಯ ಸಾವಿನಿಂದ ಅಪಾರ ದುಃಖಪಟ್ಟಿದ್ದ. ದ್ವೇಷಿಸಲು ಇವನಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಆದರೂ ಅವನು ಕಂಡದ್ದಕ್ಕೆ ಒಂದು ಮಾತನ್ನು ಸೇರಿಸಲಿಲ್ಲ. ಸತ್ಯವ್ರತದ ಹೆಸರು ಕೇಳದವನೂ ಸತ್ಯವ್ರತವನ್ನು ಪಾಲಿಸಬಲ್ಲನೆಂಬುದಕ್ಕೆ ಇದು ನಿದರ್ಶನ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಲಕ್ಷಾಂತರ ನಿರಪರಾಧಿಗಳನ್ನು ಕೊಂದವನ ವಿಷಯದಲ್ಲಿ ಇಷ್ಟು ಸೂಕ್ಷ್ಮ ಧರ್ಮವೇಕೆ? ಗೃಹಸ್ಥನಿಗೆ ವಿರೋಧಿ ಹಿಂಸೆಯನ್ನು ಶಾಸ್ತ್ರವೇ ಪೂರ್ಣವಾಗಿ ನಿಷೇಧಿಸಿಲ್ಲವಲ್ಲ? ಅಲ್ಲದೆ ಲ್ಯಾಂಗರ್ ಹೇಳಿದಂತೆ ಹಿಟ್ಲರ್ 1945ರ ಏಪ್ರಿಲ್ 30ರಂದು ಆತ್ಮಹತ್ಯೆಯನ್ನೇ ಮಾಡಿಕೊಂಡನಲ್ಲ? ಈ ಆಕ್ಷೇಪಣೆಗೆ ಉತ್ತರ ಕೊಡದೆ ಮುಂದೆ ಹೋಗಲಾಗದು. ಆಕ್ರಮಣಕಾರನನ್ನು ತಡೆಯಲೇಬೇಕು, ಅವನ ಸೈನ್ಯ ಎಲ್ಲಿದೆ, ಅವನ ಆಜ್ಞೆ ಏನು ಎಂಬುದನ್ನು ತಿಳಿಯಲೇಬೇಕು. ಅದು ಕೃತ್ಯದ ಜ್ಞಾನ. ಆದರೆ ಮಲಿನ ಕಥೆಗಳನ್ನು ಪೋಣಿಸಿದ ಮನೋಚಿತ್ರದಿಂದ ಯುದ್ಧದ ಗತಿ ಬದಲಾಯಿತೆನ್ನಲು ಆಧಾರವಿಲ್ಲ. ಒಂದು ಭವಿಷ್ಯ ಫಲಿಸಿದ್ದರಿಂದ ಅದಕ್ಕೆ ಕೊಟ್ಟ ಕಾರಣಗಳೆಲ್ಲ ನಿಜವಾಗುವುದಿಲ್ಲ; ಜಾತಕ ನೋಡುವವನ ಮಾತೂ ಆಗಾಗ ಫಲಿಸುತ್ತದೆ.

ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಮಹಾಪಾಪವೊಂದನ್ನು ಒಬ್ಬನ ರೋಗವೆಂದು ವಿವರಿಸಿದ ಕೂಡಲೇ ಉಳಿದವರೆಲ್ಲ ನಿರ್ದೋಷಿಗಳಾಗಿಬಿಡುತ್ತಾರೆ. ಸೆರೆಶಿಬಿರಗಳಿಗೆ ರೈಲು ಓಡಿಸಿದವರು, ಪಟ್ಟಿ ಬರೆದ ಗುಮಾಸ್ತರು, ನೆರೆಯವನ ಅಂಗಡಿಯನ್ನು ಅಗ್ಗಕ್ಕೆ ಕೊಂಡ ವ್ಯಾಪಾರಿಗಳು, ಇವರ ತಾಯಂದಿರ ಬಗ್ಗೆ ಯಾರೂ ವರದಿ ಬರೆಯಲಿಲ್ಲ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಿಂದಲೂ ಕರ್ಮಾಸ್ರವವಾಗುತ್ತದೆಂದು ಬಲ್ಲ ಜೈನನಿಗೆ ಈ ಸುಲಭ ವಿಮೋಚನೆ ಒಪ್ಪಿಗೆಯಾಗಲಾರದು.

ಇದು ಪಾಶ್ಚಾತ್ಯರ ದೋಷವೆಂದು ಹೆಮ್ಮೆಪಡುವ ಅವಕಾಶವೂ ಇಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ತಲೆ ಬೋಳಿಸಿಕೊಂಡ ತಪಸ್ವಿಯ ವೇಷದಲ್ಲಿಯೂ ಗೂಢಚಾರರನ್ನು ಕಳುಹಿಸಲು ಹೇಳುತ್ತದೆ. ಶತ್ರುರಾಜ್ಯದಲ್ಲಿ ಒಡೆದು ಸೆಳೆಯಬಹುದಾದವರನ್ನು ಅದು ನಾಲ್ಕು ವರ್ಗ ಮಾಡುತ್ತದೆ: ಕ್ರುದ್ಧರು, ಭೀತರು, ಲುಬ್ಧರು, ಮಾನಿಗಳು. ಜಿನಾಗಮದ ಕಷಾಯಗಳೂ ನಾಲ್ಕು: ಕ್ರೋಧ, ಮಾನ, ಮಾಯೆ, ಲೋಭ. ಮೂರು ಎರಡೂ ಪಟ್ಟಿಗಳಲ್ಲಿವೆ. ಅರ್ಥಶಾಸ್ತ್ರದ ಪಟ್ಟಿಯಲ್ಲಿ ಮಾಯೆ ಇಲ್ಲ. ಏಕೆಂದರೆ ಮಾಯೆ ಪಟ್ಟಿ ಮಾಡುವವನ ಕೈಯಲ್ಲಿದೆ. ಒಂದು ಶಾಸ್ತ್ರ ಪರರ ಕಷಾಯಗಳನ್ನು ಬಳಸಿಕೊಳ್ಳಲು ಎಣಿಸುತ್ತದೆ, ಇನ್ನೊಂದು ತನ್ನ ಕಷಾಯಗಳನ್ನು ಕ್ಷಯಗೊಳಿಸಲು ಎಣಿಸುತ್ತದೆ. ಎಣಿಕೆ ಒಂದೇ ಆದರೂ ದಾರಿಗಳು ಬೇರೆ.

ಈ ವಿದ್ಯೆ ಸರ್ವಥಾ ನಿಷ್ಫಲವೆಂದು ಹೇಳುವುದು ಏಕಾಂತವಾದವಾದೀತು. 1978ರ ಸೆಪ್ಟೆಂಬರಿನಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟಿನ ಸಾದಾತ್ ಮತ್ತು ಇಸ್ರೇಲಿನ ಬೆಗಿನ್ ಅವರನ್ನು ಹದಿಮೂರು ದಿನಗಳ ಮಾತುಕತೆಗೆ ಕೂರಿಸಿದ ಅಧ್ಯಕ್ಷ ಕಾರ್ಟರ್, ಇಬ್ಬರ ವ್ಯಕ್ತಿತ್ವದ ಬಗ್ಗೆ ಗುಪ್ತಚರ ಇಲಾಖೆ ಸಿದ್ಧಪಡಿಸಿದ್ದ ಅಧ್ಯಯನಗಳನ್ನು ಓದಿಕೊಂಡು ಹೋಗಿದ್ದರು. ಅಲ್ಲಿ ಉದ್ದೇಶ ಸಂಧಿಯಾಗಿತ್ತು, ಎದುರಿಗೆ ಜೀವಂತ ಮನುಷ್ಯರು ಮಾತನಾಡುತ್ತಿದ್ದರು, ಊಹೆ ತಪ್ಪಾದರೆ ತಿದ್ದಿಕೊಳ್ಳಬಹುದಾಗಿತ್ತು. ಇದಕ್ಕೆ ವಿರುದ್ಧವಾಗಿ 2003ರಲ್ಲಿ ಇರಾಕಿನ ಸದ್ದಾಂ ಹುಸೇನ್ ಪರಿಶೀಲಕರನ್ನು ವಂಚಿಸುತ್ತಿರುವುದಕ್ಕೆ ಕಾರಣ ಸಾಮೂಹಿಕ ವಿನಾಶದ ಅಸ್ತ್ರಗಳೇ ಎಂದು ಅವನ ಮನಸ್ಸನ್ನು ಓದಲಾಯಿತು. ಯುದ್ಧ ನಡೆಯಿತು, ಅಸ್ತ್ರಗಳ ಸಂಗ್ರಹ ಸಿಗಲಿಲ್ಲ. ನೆರೆಯ ಇರಾನನ್ನು ಹೆದರಿಸಲು ಅವನು ಸಂದಿಗ್ಧತೆಯನ್ನು ಉಳಿಸಿಕೊಂಡಿದ್ದನೆಂದು ಅಮೆರಿಕದ್ದೇ ತನಿಖಾ ವರದಿ 2004ರಲ್ಲಿ ಹೇಳಿತು. ಅಷ್ಟರಲ್ಲಿ ಸತ್ತವರು ಸತ್ತಿದ್ದರು.

ಶತ್ರುವಿಗೆಂದು ಮಸೆದ ಆಯುಧ ಮನೆಯೊಳಗೂ ಬರುತ್ತದೆ. 1964ರ ಅಮೆರಿಕದ ಚುನಾವಣೆಯಲ್ಲಿ ಒಂದು ಪತ್ರಿಕೆ ಅಭ್ಯರ್ಥಿ ಗೋಲ್ಡ್‌ವಾಟರ್ ಅವರ ಮಾನಸಿಕ ಯೋಗ್ಯತೆಯ ಬಗ್ಗೆ 12,356 ಮನೋವೈದ್ಯರನ್ನು ಕೇಳಿತು. ಉತ್ತರಿಸಿದ 2,417 ಮಂದಿಯಲ್ಲಿ 1,189 ಮಂದಿ ಅವರು ಅಯೋಗ್ಯರೆಂದು ತೀರ್ಪಿತ್ತರು. ನ್ಯಾಯಾಲಯ ಪತ್ರಿಕೆಗೆ ದಂಡ ವಿಧಿಸಿತು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು, ತಾನು ಪರೀಕ್ಷಿಸದ ವ್ಯಕ್ತಿಯ ಮನಸ್ಸಿನ ಬಗ್ಗೆ ವೈದ್ಯನು ಬಹಿರಂಗ ಅಭಿಪ್ರಾಯ ಕೊಡಬಾರದೆಂಬ ನಿಯಮವನ್ನು ಮಾಡಿಕೊಂಡಿತು. ಉಮಾಸ್ವಾಮಿಗಳ ಸೂತ್ರವನ್ನು ಅವರು ಓದಿರಲಾರರು. ಅನುಭವದ ಪೆಟ್ಟು ಅವರನ್ನು ಅಲ್ಲಿಗೇ ತಂದು ನಿಲ್ಲಿಸಿತು.

ಈಗ ದೋಆಬ್‌ನ ಸಾಕ್ಷ್ಯಗಳಿಗೆ ಬರಬಹುದು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು 1948ರ ವರೆಗೆ ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿದ್ದವು. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ನಂತರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತಾನೇ ಹಟ ಹಿಡಿದಿರುವನೋ, ಅಥವಾ ರಜಾಕಾರರ ನಾಯಕ ಕಾಸಿಂ ರಜ್ವಿಯ ಕೈಸೆರೆಯೋ? 1948ರ ಸೆಪ್ಟೆಂಬರ್ 13ರಿಂದ 17ರ ವರೆಗಿನ ಪೊಲೀಸ್ ಕಾರ್ಯಾಚರಣೆಯಿಂದ ರಾಜ್ಯ ಶರಣಾಯಿತು. ಸೆಪ್ಟೆಂಬರ್ 23ರ ರೇಡಿಯೋ ಭಾಷಣದಲ್ಲಿ ನಿಜಾಮನು, ಸಣ್ಣ ಗುಂಪೊಂದು ತನ್ನನ್ನು ಅಸಹಾಯಕನನ್ನಾಗಿ ಮಾಡಿತ್ತೆಂದು ಹೇಳಿಕೊಂಡನು. 1950ರ ಜನವರಿ 26ರಂದು ಆತನೇ ಗಣರಾಜ್ಯದ ರಾಜಪ್ರಮುಖನಾದನು. 1956ರ ವರೆಗೂ ಆ ಪದವಿಯಲ್ಲಿದ್ದನು. ಹದಿನಾರು ತಿಂಗಳಲ್ಲಿ ಬದಲಾದದ್ದು ಆತನ ಮನಸ್ಸೋ, ಅದನ್ನು ಓದುವವರ ಪ್ರಯೋಜನವೋ?

ಅದೇ ಕಾಲದಲ್ಲಿ ರಜಾಕಾರರು ಮಾಡಿದ ಲೂಟಿ, ಕೊಲೆಗಳೂ ಸತ್ಯ. ಕಾರ್ಯಾಚರಣೆಯ ನಂತರ ಸಾಮಾನ್ಯ ಮುಸ್ಲಿಮರ ಮೇಲೆ ನಡೆದ ಸೇಡಿನ ಹತ್ಯೆಗಳೂ ಸತ್ಯ. ನೆಹರೂ ಕಳುಹಿಸಿದ ಸುಂದರಲಾಲ್ ಸಮಿತಿ ಆ ಹತ್ಯೆಗಳನ್ನು 27ರಿಂದ 40 ಸಾವಿರವೆಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಇಬ್ಬರ ಮನಸ್ಸಿನ ವಿಶ್ಲೇಷಣೆಯಲ್ಲಿ ಈ ಸಾವಿರಾರು ಕೈಗಳ ಲೆಕ್ಕ ಎಲ್ಲಿ ಸಿಗುತ್ತದೆ?

ಇನ್ನೊಂದು ಸಾಕ್ಷ್ಯ ಮಸ್ಕಿಯ ಬಂಡೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅದನ್ನು ಕಂಡುಹಿಡಿದಾಗ, ದೇವಾನಾಂಪ್ರಿಯ ಎಂಬ ಬಿರುದಿನೊಡನೆ ಅಶೋಕ ಎಂಬ ಹೆಸರು ಶಾಸನದಲ್ಲಿ ಮೊದಲ ಬಾರಿಗೆ ದೊರೆಯಿತು. ಅದರಲ್ಲಿ ಅಶೋಕನು ಶತ್ರುವಿನ ಮನಸ್ಸನ್ನು ಬರೆಸಲಿಲ್ಲ, ತನ್ನ ಮನಸ್ಸನ್ನು ಬರೆಸಿದನು. ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೀರಿದ ಕಾಲವನ್ನು ಲೆಕ್ಕ ಹಾಕಿ ಹೇಳುತ್ತಾನೆ. ಇದೇ ಶಾಸನದ ಬೇರೆ ಪಾಠಗಳಲ್ಲಿ, ಮೊದಲಿಗೆ ತನ್ನ ಪ್ರಯತ್ನ ಸಾಲದಾಗಿತ್ತೆಂದು ಒಪ್ಪಿಕೊಳ್ಳುತ್ತಾನೆ. ಧರ್ಮದ ಎತ್ತರ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವನಿಗೂ ಎಟುಕುತ್ತದೆ ಎನ್ನುತ್ತಾನೆ. ಅನ್ಯ ಧರ್ಮದವನಾದರೂ ಅವನು ಮಾಡಿದ್ದು ಆಲೋಚನೆ, ಪ್ರತಿಕ್ರಮಣಗಳ ಜಾತಿಯ ಕಾರ್ಯ. ಅರಸನ ಮನಸ್ಸಿನ ಬಗ್ಗೆ ನಂಬಬಹುದಾದ ದಾಖಲೆ ಇದ್ದರೆ ಅದು ಇಂಥದ್ದು: ಸ್ವಂತ ಹೆಸರಿನಲ್ಲಿ, ಸ್ವಂತ ನ್ಯೂನತೆಯೊಡನೆ, ಎಲ್ಲರೂ ಓದುವ ಕಲ್ಲಿನ ಮೇಲೆ.

ಪರಚಿತ್ತವನ್ನು ಅರಿಯುವುದು ಅಸಾಧ್ಯವೆಂದು ಜೈನದರ್ಶನ ಹೇಳುವುದಿಲ್ಲ. ಮನಃಪರ್ಯಯವೆಂಬ ಜ್ಞಾನವೇ ಇದೆ. ಆದರೆ ಅದು ಸಂಯಮಿಯಾದ, ಅಪ್ರಮತ್ತನಾದ, ಚಾರಿತ್ರವೃದ್ಧಿ ಹೊಂದುತ್ತಿರುವ ಋದ್ಧಿವಂತ ಮುನಿಗೆ ಮಾತ್ರ ಉದಿಸುತ್ತದೆ; ಗೃಹಸ್ಥನಿಗೆ ಇಲ್ಲ, ದೇವತೆಗಳಿಗೂ ಇಲ್ಲ. ಇನ್ನೊಬ್ಬನ ಮನಸ್ಸನ್ನು ಕಾಣುವ ಶಕ್ತಿ, ಅದನ್ನು ದುರುಪಯೋಗಪಡಿಸುವ ಇಚ್ಛೆ ಅಳಿದವನಿಗೇ ಲಭ್ಯ. ಈ ನಿಯಮಕ್ಕಿಂತ ಗಂಭೀರವಾದ ಎಚ್ಚರಿಕೆ ಬೇಕೆ?

ಕೊನೆಯದಾಗಿ, ಈ ಚರ್ಚೆ ಹಿಟ್ಲರ್, ಸದ್ದಾಂರಲ್ಲಿಗೇ ನಿಲ್ಲುವುದಾದರೆ ವ್ಯರ್ಥ. ಬಸದಿಯ ಟ್ರಸ್ಟಿನ ಸಭೆಯಲ್ಲಿ ಒಬ್ಬನು ಜಮಾ-ಖರ್ಚಿನ ಲೆಕ್ಕ ಕೇಳುತ್ತಾನೆ. ಲೆಕ್ಕ ತೋರಿಸಿದರೆ ಐದು ನಿಮಿಷದ ಕೆಲಸ. ಆದರೆ ಸಭೆ ಅವನ ಮನಸ್ಸನ್ನು ಅಳೆಯಲು ತೊಡಗುತ್ತದೆ: ಇವನಿಗೆ ಅಧ್ಯಕ್ಷಗಿರಿಯ ಆಸೆ, ಇವನ ತಂದೆಯೂ ಹೀಗೆಯೇ, ಮನೆಯಲ್ಲಿ ನೆಮ್ಮದಿಯಿಲ್ಲ, ಅದಕ್ಕೇ ಇಲ್ಲಿ ಜಗಳ. ಮರುದಿನ ಅದು ಊರೆಲ್ಲ ಸಂದೇಶವಾಗಿ ಹರಿದಾಡುತ್ತದೆ. ಕೆಲವೊಮ್ಮೆ ಅನಾಮಧೇಯ ಪತ್ರವೂ ಆಗುತ್ತದೆ. ರಹೋಭ್ಯಾಖ್ಯಾನ, ಕೂಟಲೇಖ, ಸಾಕಾರಮಂತ್ರಭೇದ ಮೂರೂ ಇಲ್ಲಿಯೂ ಒಂದೇ ಕಡತದಲ್ಲಿ ಸೇರುತ್ತವೆ. ಲೆಕ್ಕ ಮಾತ್ರ ಹೊರಬರುವುದಿಲ್ಲ. ಸಮ್ಯಕ್ತ್ವದ ಅಂಗವಾದ ಉಪಗೂಹನವನ್ನು ಬಲ್ಲವರೆಂದು ಹೇಳಿಕೊಳ್ಳುವ ಸಮಾಜದಲ್ಲಿ ಇದು ನಡೆಯುತ್ತದೆ. ಉಪಗೂಹನವೆಂದರೆ ಲೆಕ್ಕವನ್ನು ಮುಚ್ಚುವುದಲ್ಲ, ಮನುಷ್ಯನ ಮಾನವನ್ನು ಕಾಯುವುದು.

ಟ್ರಸ್ಟುಗಳು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಸಭೆಯ ನಡಾವಳಿಯಲ್ಲಿ ಪ್ರಶ್ನೆಯನ್ನೂ ಉತ್ತರವನ್ನೂ ಬರೆಯಲಿ, ಪ್ರಶ್ನಿಸಿದವನ ಉದ್ದೇಶವನ್ನು ಬರೆಯದಿರಲಿ, ಆಡದಿರಲಿ. ತಪ್ಪು ಮಾಡಿದವನಿದ್ದರೆ ಅವನ ಕೃತ್ಯವನ್ನು ಹೆಸರಿಸಿ ನೇರವಾಗಿ ಕೇಳಲಿ. ಪ್ರತಿಕ್ರಮಣದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಐದನೆಯದಕ್ಕೆ ಬಂದ ಕೂಡಲೇ ಪ್ರತಿಯೊಬ್ಬ ಶ್ರಾವಕನೂ ಒಂದು ಕ್ಷಣ ನಿಂತು, ಆ ದಿನ ತಾನು ಯಾರ ಮನಸ್ಸನ್ನು ಯಾರ ಮುಂದೆ ಓದಿ ಹೇಳಿದೆನೆಂದು ನೆನಪಿಸಿಕೊಳ್ಳಲಿ.