ಸಿಂಹ ಯಾರಪ್ಪನ ಸ್ವತ್ತು?

ಹೋದ ಆಗಸ್ಟ್‌ನಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಕೀನ್ಯಾಕ್ಕೆ ಹೋಗಿ ಬಂದ. ಅಲ್ಲಿ ಆಗ ತಂಪುಕಾಲ, ಮಸಾಯಿ ಮಾರಾದಲ್ಲಿ ಬೆಳಗಿನ ಹೊತ್ತು ಸ್ವೆಟರ್ ಬೇಕಂತೆ. ಫೋನ್ ತುಂಬ ಸಿಂಹದ ಫೋಟೋ ಕಳಿಸಿ, "ಮಾಮಾ, ಜನ್ಮಕ್ಕೊಂದ್ಸಲ ಸಿಂಹ ನೋಡ್ಲೇಬೇಕು" ಅಂದ. ನಗು ಬಂತು ನನಗೆ. ಮಣಿನಗರಕ್ಕೆ ಬಂದು ಮೂವತ್ತು ವರ್ಷವಾಯ್ತು ಮಾರಾಯ, ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಜುನಾಗಢ, ಅಲ್ಲಿಂದ ಸಾಸಣ್ ಗಿರ್ ಎಷ್ಟು ದೂರ! ಆಫ್ರಿಕಾ ಬಿಟ್ಟರೆ ಕಾಡುಸಿಂಹ ಇರುವುದು ಜಗತ್ತಿನಲ್ಲಿ ಇದೊಂದೇ ಕಡೆ.

ಗಿರ್‌ಗೆ ಹೋಗಬೇಕಾದ್ದು ಚಳಿಗಾಲದಲ್ಲೇ. ಮಳೆಗಾಲದಲ್ಲಿ, ಜೂನ್ 16ರಿಂದ ಅಕ್ಟೋಬರ್ 15ರವರೆಗೆ, ಕಾಡು ಮುಚ್ಚಿರುತ್ತೆ. ನಾನು ಹೋಗಿದ್ದು ಒಂದು ಜನವರಿಯಲ್ಲಿ. ತೆರೆದ ಜಿಪ್ಸಿ, ಹಲ್ಲು ಕಟಕಟ, ಒಣಗಿದ ತೇಗದ ಎಲೆಯ ಸದ್ದು. ಎರಡು ಗಂಟೆ ಜಿಂಕೆ, ನವಿಲು, ಮಾಲಧಾರಿಗಳ ಎಮ್ಮೆ, ಅಷ್ಟೇ. ಆಮೇಲೆ ಒಂದು ಹೆಣ್ಣುಸಿಂಹ ದಾರಿಗೆ ಬಂದು ಕೂತಿತು. ನಮ್ಮ ಕಡೆ ನೋಡಲೂ ಇಲ್ಲ. ಗೈಡ್ ಮೆಲ್ಲಗೆ "ಆಪಣಾ ಸಿಂಹ" ಅಂದ. ನಮ್ಮ ಸಿಂಹ.

ನನ್ನ ಜಗಳ ಇರೋದು ಈ 'ನಮ್ಮ' ಅನ್ನೋ ಮಾತಿನ ಹತ್ತಿರವೇ.

ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿಟ್ಟ ಹಾಗಾಗಿದೆ, ಇನ್ನೊಂದು ಕಾಡಲ್ಲೂ ಸಿಂಹ ಇರಲಿ ಅಂತ ತಜ್ಞರು ತೊಂಬತ್ತರ ದಶಕದಲ್ಲೇ ಮಧ್ಯಪ್ರದೇಶದ ಕುನೋ ಆರಿಸಿದರು. ಅಲ್ಲಿನ 24 ಹಳ್ಳಿಗಳನ್ನು ಎಬ್ಬಿಸಿದರು, ಹೆಚ್ಚಿನವರು ಸಹಾರಿಯಾ ಆದಿವಾಸಿಗಳು. ಸಿಂಹಕ್ಕೋಸ್ಕರ ಮನೆ ಬಿಟ್ಟರು ಸ್ವಾಮಿ, ಸಿಂಹ ಬರಲೇ ಇಲ್ಲ. ಗುಜರಾತ್ ಕೊಡಲ್ಲ ಅಂತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳಲ್ಲಿ ಕಳಿಸಿ ಅಂತು. ಆರು ತಿಂಗಳೂ ಹೋಯ್ತು, ವರ್ಷಗಳೂ ಹೋದವು. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಅದೇ ಕುನೋಗೆ ನಮೀಬಿಯಾದಿಂದ ವಿಮಾನದಲ್ಲಿ ಎಂಟು ಚೀತಾ ಬಂದವು! ಆಫ್ರಿಕಾದಿಂದ ತರಬಹುದು, ಪಕ್ಕದ ರಾಜ್ಯಕ್ಕೆ ಕಳಿಸಬಾರದು.

ಪಕ್ಕದ ಮನೆಯವರ ಹತ್ತಿರ ಇದನ್ನೆತ್ತಿದರೆ ಚಹಾ ತಣ್ಣಗಾಗುವವರೆಗೆ ವಾದ. "ಕುನೋದಲ್ಲಿ ಕಳ್ಳಬೇಟೆ ಅಂಕಲ್, ನಾವು ಉಳಿಸಿದ್ದನ್ನ ಅವರು ಕಳೀತಾರೆ" ಅಂತಾರೆ. ಉಳಿಸಿದ್ದು ನಿಜ, ಅದರಲ್ಲಿ ಎರಡು ಮಾತಿಲ್ಲ. ಜುನಾಗಢದ ನವಾಬರ ಕಾಲದಲ್ಲಿ ಬೆರಳೆಣಿಕೆಗೆ ಇಳಿದಿದ್ದ ಸಿಂಹ 2020ರಲ್ಲಿ 674, 2025ರ ಎಣಿಕೆಯಲ್ಲಿ 891. ಎಮ್ಮೆ ಕಳಕೊಂಡೂ ಸಿಂಹಕ್ಕೆ ಕೋಲೆತ್ತದ ಹಳ್ಳಿಯವರಿಗೆ ಕೈ ಮುಗೀಬೇಕು. ಕಳ್ಳಬೇಟೆಯ ಭಯವೂ ಸುಳ್ಳಲ್ಲ. ಆದರೆ ಕಾವಲು ಹಾಕಿ ಕಳ್ಳರನ್ನು ತಡೀಬಹುದು, ವೈರಸ್ಸನ್ನು ಹೇಗೆ ತಡೀತೀರಿ?

2018ರ ಸೆಪ್ಟೆಂಬರ್‌ನಲ್ಲಿ ಗಿರ್‌ನ ದಲ್ಖಾನಿಯಾ ವಲಯದಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹ ಸತ್ತವು. ಕೆಲವುದರಲ್ಲಿ ಸಿಕ್ಕಿದ್ದು ಕೆನೈನ್ ಡಿಸ್ಟೆಂಪರ್, ನಾಯಿಗಳ ಕಾಯಿಲೆ. ಅಮೆರಿಕದಿಂದ ಲಸಿಕೆ ತರಿಸಿದರು. ಅಕ್ಕನ ಮಗ ಹೋಗಿದ್ದ ಮಾರಾದ ಪಕ್ಕದಲ್ಲೇ ಇರೋ ಸೆರೆಂಗೆಟಿಯಲ್ಲಿ 1994ರಲ್ಲಿ ಇದೇ ಕಾಯಿಲೆ ಮೂರರಲ್ಲೊಂದು ಪಾಲು ಸಿಂಹವನ್ನು ನುಂಗಿತ್ತು, ಸುಮಾರು ಸಾವಿರ. ಆಫ್ರಿಕಾದಲ್ಲಿ ಬೇರೆ ಕಾಡುಗಳಲ್ಲೂ ಸಿಂಹ ಇದ್ದವು. ನಮಗೆ ಯಾವ ಕಾಡಿದೆ? ಬರಡಾದಲ್ಲಿ ಬಿಟ್ಟಿದ್ದೀವಲ್ಲ ಅಂತಾರೆ. ಅದು ಗಿರ್‌ನಿಂದ ನೂರು ಕಿಲೋಮೀಟರ್ ಆಸುಪಾಸು, ಅದೇ ಸೌರಾಷ್ಟ್ರ, ಅವೇ ಊರುನಾಯಿ. 2023ರಲ್ಲಿ ಅಲ್ಲಿಗೆ ಸಿಂಹ ತಾನೇ ನಡಕೊಂಡು ಹೋಗಿತ್ತು. ಅದು ನಡೆದ ದಾರೀಲಿ ರೋಗ ನಡೆಯಲ್ವಾ?

ನಾವೇನೂ ಕಮ್ಮಿ ಇಲ್ಲ ಬಿಡಿ. 2025ರ ಮೇ ತಿಂಗಳಲ್ಲಿ ಕರ್ನಾಟಕ ಆಂಧ್ರಕ್ಕೆ ಕುಮ್ಕಿ ಆನೆ ಕೊಟ್ಟಾಗ ನನ್ನ ತಮ್ಮ ಮೈಸೂರಿಂದ ಫೋನ್ ಮಾಡಿ, "ನಮ್ಮ ಆನೆ ಅವರಿಗ್ಯಾಕೋ ಅಣ್ಣ?" ಅಂತ ಅರ್ಧ ಗಂಟೆ ಗೊಣಗಿದ. ಅವನಿಗೂ ಇದನ್ನೇ ಹೇಳಿದೆ, ಫೋನ್ ಇಟ್ಟ.

ನೀನೂ ಗುಜರಾತಿನ ಉಪ್ಪು ತಿಂದವನು, ಹೀಗೆ ಬರೀಬಹುದಾ ಅಂತ ಕೇಳೋರಿದ್ದಾರೆ. ತಿಂದಿದ್ದೀನಿ, ಅದಕ್ಕೇ ಬರೀತಿರೋದು.

ಡಿಸೆಂಬರ್‌ನಲ್ಲಿ ಅಕ್ಕನ ಮಗ ಬರ್ತಾನಂತೆ, ಗಿರ್ ಪರ್ಮಿಟ್ ತೆಗೆಸೋ ಕೆಲಸ ನನ್ನ ತಲೆಗೆ. ಪಕ್ಕದ ಮನೆಯವರೂ ಬರ್ತೀವಿ ಅಂದಿದ್ದಾರೆ, ಥೇಪ್ಲಾ ಅವರದು, ಪುಳಿಯೋಗರೆ ನಮ್ಮದು. ಜುನಾಗಢ ಬರೋವರೆಗೂ ಜಗಳ ಮುಗಿಯಲ್ಲ.